ಡೇರಿಯ ಕಂಪ್ಯೂಟರಿನಿಂದ ಸದಸ್ಯರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಕಳಿಸುವುದು ಹೇಗೆ?

ಪ್ರಶ್ನೆ: ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೇನೆ. ನಮ್ಮಲ್ಲಿ 340 ಸದಸ್ಯರಿದ್ದಾರೆ. ಬಟವಾಡೆ ದಿನ, ಲಸಿಕೆ, ಪಶು ಆಹಾರ ಬಂದ ಸುದ್ದಿ, ಸರ್ವ ಸದಸ್ಯರ ಸಭೆ ಮುಂತಾದವನ್ನು ಡೇರಿಯ ಕಂಪ್ಯೂಟರಿನಿಂದಲೇ ಎಲ್ಲರ ಮೊಬೈಲಿಗೂ ಕನ್ನಡದಲ್ಲಿ ಎಸ್ಸೆಮ್ಮೆಸ್ ಮಾಡಬೇಕೆಂಬುದು ನಮ್ಮ ಆಡಳಿತ ಮಂಡಳಿಯ ಇಚ್ಛೆ. ನನ್ನ ಫೋನಿನಿಂದ ಕಳಿಸಲು ಹೋದಾಗ ನೂರರ ಆಸುಪಾಸಿನಲ್ಲಿ ನಿಂತುಹೋಯಿತು. ಉಚಿತವಾಗಿ ಕಳಿಸಿಕೊಡುವ ತಾಣಗಳಿವೆ ಎಂದು ಕೆಲವರು, ಡಾಂಗಲ್ ಹಾಕಿಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಸದಸ್ಯರ ಬಳಿ ಇರುವುದು ಕೀಪ್ಯಾಡ್ ಫೋನು. ಯಾವ ದಾರಿ ಸರಿ? ಕನ್ನಡದಲ್ಲಿ ಕಳಿಸಿದರೆ ದುಡ್ಡು ಹೆಚ್ಚು ಎನ್ನುವುದು ನಿಜವೇ?

ಉತ್ತರ: ಕಾರ್ಯದರ್ಶಿಯವರೇ, ಅರ್ಧಕ್ಕಿಂತ ಹೆಚ್ಚು ಸದಸ್ಯರ ಬಳಿ ಕೀಪ್ಯಾಡ್ ಫೋನಿದೆ ಎಂದು ನೀವು ಬರೆದಿರುವುದರಿಂದ ವಾಟ್ಸ್ಆ್ಯಪ್ ವಿಚಾರವನ್ನು ಮೊದಲೇ ಬದಿಗಿಡುತ್ತೇನೆ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನಷ್ಟೇ ಸೇರಿಸಬಹುದು. ಅದರಲ್ಲೂ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇಂಟರ್‌ನೆಟ್ ಇಲ್ಲದ, ನಾಲ್ಕೈದು ವರ್ಷ ಹಳೆಯದಾದ ಸಣ್ಣ ಫೋನಿಗೂ ತಲುಪುವುದು ಎಸ್ಸೆಮ್ಮೆಸ್ ಒಂದೇ. ಆದ್ದರಿಂದ ನಿಮ್ಮ ಆಡಳಿತ ಮಂಡಳಿಯ ಆಯ್ಕೆ ಸರಿಯಾಗಿಯೇ ಇದೆ.

ಯಾವ ಸಾಫ್ಟ್‌ವೇರ್ ಎಂದು ಯೋಚಿಸುವ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಂಪ್ಯೂಟರ್ ತಾನಾಗಿ ಎಸ್ಸೆಮ್ಮೆಸ್ ಕಳಿಸಲಾರದು. ಅದು ಸಂದೇಶವನ್ನು ಬರೆದುಕೊಳ್ಳುತ್ತದೆ, ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ, ಸಂದೇಶವನ್ನು ಮೊಬೈಲ್ ಕಂಪನಿಯ ಸಂದೇಶ ಕೇಂದ್ರಕ್ಕೆ ದಾಟಿಸುತ್ತದೆ. ಅಲ್ಲಿಂದ ಮುಂದೆ ಸದಸ್ಯರ ಫೋನಿಗೆ ತಲುಪಿಸುವುದು, ಫೋನು ಸ್ವಿಚ್ ಆಫ್ ಆಗಿದ್ದರೆ ಕೆಲವು ಗಂಟೆ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುವುದು ಆ ಕೇಂದ್ರದ ಕೆಲಸ. ಲೋಕದ ಮೊತ್ತಮೊದಲ ಎಸ್ಸೆಮ್ಮೆಸ್ ಕೂಡ ಹೋಗಿದ್ದು ಕಂಪ್ಯೂಟರಿನಿಂದಲೇ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕಂಪ್ಯೂಟರಿನಲ್ಲಿ ಕ್ರಿಸ್‌ಮಸ್ ಶುಭಾಶಯವನ್ನು ಬೆರಳಚ್ಚಿಸಿ, ವೊಡಾಫೋನ್ ಜಾಲದ ಮೂಲಕ ರಿಚರ್ಡ್ ಜಾರ್ವಿಸ್ ಎಂಬವರ ಆರ್ಬಿಟೆಲ್ ಫೋನಿಗೆ ಕಳಿಸಿದ್ದರು. ಹೀಗಾಗಿ ಕಂಪ್ಯೂಟರಿನಿಂದ ಕಳಿಸುವುದರಲ್ಲಿ ಹೊಸದೇನೂ ಇಲ್ಲ, ಕಷ್ಟವೂ ಇಲ್ಲ. ನೀವು ತೀರ್ಮಾನಿಸಬೇಕಾದದ್ದು ಇಷ್ಟೇ: ಆ ಸಂದೇಶ ಯಾರ ಹೆಸರಿನಲ್ಲಿ ಹೋಗಬೇಕು? ನಿಮ್ಮ ಸ್ವಂತ ಸಿಮ್‌ನ ಹತ್ತಂಕಿಯ ಸಂಖ್ಯೆಯಿಂದಲೋ, ಸಂಘದ ಹೆಸರಿನಲ್ಲಿ ನೋಂದಾಯಿಸಿದ ಹೆಡರ್‌ನಿಂದಲೋ, ಅಂದರೆ ಸಂಖ್ಯೆಯ ಬದಲು ಫೋನಿನಲ್ಲಿ ಕಾಣುವ ಹೆಸರಿನಿಂದಲೋ? ನೀವು ಕೇಳಿದ ಎಲ್ಲ ದಾರಿಗಳೂ ಕೊನೆಗೆ ಈ ಎರಡರಲ್ಲಿ ಒಂದಕ್ಕೆ ಬಂದು ಸೇರುತ್ತವೆ.

ಮೊದಲು ಸ್ವಂತ ಸಿಮ್‌ನ ದಾರಿಯನ್ನು ನೋಡೋಣ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಮೆಸೇಜಸ್ ಇದ್ದರೆ, ಕಂಪ್ಯೂಟರಿನ ಬ್ರೌಸರಿನಲ್ಲಿ ಅದರ ವೆಬ್ ಪುಟವನ್ನು ತೆರೆದು, ಅಲ್ಲಿ ಕಾಣುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಸಾಕು, ಎರಡೂ ಜೋಡಣೆಯಾಗುತ್ತವೆ. 2018ರಿಂದ ಈ ಸೌಲಭ್ಯವಿದೆ. ವಿಂಡೋಸ್ 10 ಮತ್ತು 11ರಲ್ಲಿ ಫೋನ್ ಲಿಂಕ್ ಎಂಬ ತಂತ್ರಾಂಶವೂ ಇದೇ ಕೆಲಸವನ್ನು ಮಾಡುತ್ತದೆ. ಅದಕ್ಕೆ ಫೋನಿನಲ್ಲಿ ಲಿಂಕ್ ಟು ವಿಂಡೋಸ್ ಎಂಬ ಆ್ಯಪ್ ಬೇಕು. ಎರಡರಲ್ಲೂ ನೀವು ಕಂಪ್ಯೂಟರಿನ ಕೀಲಿಮಣೆಯಲ್ಲಿ ಬೆರಳಚ್ಚಿಸುತ್ತೀರಿ, ಕಳಿಸುವುದು ಮಾತ್ರ ನಿಮ್ಮ ಫೋನೇ. ಫೋನು ಚಾಲೂ ಇರಬೇಕು, ಅದಕ್ಕೆ ಇಂಟರ್‌ನೆಟ್ ಸಿಗುತ್ತಿರಬೇಕು, ಸಿಮ್‌ನ ಪ್ಯಾಕ್‌ನಲ್ಲಿ ಎಸ್ಸೆಮ್ಮೆಸ್ ಉಳಿದಿರಬೇಕು.

ನಿಮಗೆ ನೂರರ ಆಸುಪಾಸಿನಲ್ಲಿ ಸಂದೇಶ ನಿಂತುಹೋದದ್ದಕ್ಕೆ ಕಾರಣ ಇಲ್ಲಿದೆ. ನಮ್ಮಲ್ಲಿ ಬಹುತೇಕ ಪ್ಯಾಕ್‌ಗಳು ದಿನಕ್ಕೆ 100 ಎಸ್ಸೆಮ್ಮೆಸ್ ಕೊಡುತ್ತವೆ. ಕಡಿಮೆ ಬೆಲೆಯ ಕೆಲವು ಪ್ಯಾಕ್‌ಗಳಲ್ಲಿ ಇಡೀ ಅವಧಿಗೇ ಸೇರಿ ಇಷ್ಟು ಎಂದಿರುತ್ತದೆ. 340 ಸದಸ್ಯರಿಗೆ ಒಂದೊಂದು ಸಂದೇಶ ಕಳಿಸಲು ನಾಲ್ಕು ದಿನ ಹಿಡಿಯುತ್ತದೆ. ಕನ್ನಡದ ಸಂದೇಶ ಸ್ವಲ್ಪ ಉದ್ದವಾಗಿ ಎರಡು ಭಾಗವಾದರೆ ಒಬ್ಬರಿಗೆ ಎರಡರಂತೆ ಲೆಕ್ಕ ಹಿಡಿದು ದಿನಕ್ಕೆ ಐವತ್ತೇ ಜನ ಆಗುತ್ತಾರೆ, ಕೆಲಸ ಮುಗಿಯಲು ಒಂದು ವಾರ ಬೇಕಾಗುತ್ತದೆ. ಲಸಿಕೆಯವರು ನಾಳೆ ಬೆಳಿಗ್ಗೆ ಬರುತ್ತಾರೆಂಬ ಸುದ್ದಿಗೆ ಇದು ಉಪಯೋಗಕ್ಕೆ ಬಾರದು.

ಹಾಗೆಂದು ಈ ದಾರಿ ವ್ಯರ್ಥವಲ್ಲ. ಆಡಳಿತ ಮಂಡಳಿಯ ನಿರ್ದೇಶಕರಿಗೆ, ಹಾಲಿನ ಮಾದರಿಯಲ್ಲಿ ತೊಂದರೆ ಕಂಡ ಹತ್ತಿಪ್ಪತ್ತು ಮಂದಿಗೆ, ಬ್ಯಾಂಕ್ ಖಾತೆಯ ವಿವರ ಕೊಡದೆ ಉಳಿದವರಿಗೆ ಸಂದೇಶ ಮುಟ್ಟಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಆಗ ಎರಡು ಎಚ್ಚರಿಕೆಗಳನ್ನು ದಯವಿಟ್ಟು ಪಾಲಿಸಿ. ಗೂಗಲ್ ಮೆಸೇಜಸ್‌ನ ಸೆಟ್ಟಿಂಗ್ಸ್‌ನಲ್ಲಿ ಗುಂಪು ಸಂದೇಶದ ಆಯ್ಕೆಯೊಂದಿದೆ. ಅದನ್ನು ಎಂಎಂಎಸ್ (ಚಿತ್ರ, ಧ್ವನಿಗಳನ್ನೂ ಕಳಿಸುವ ಬಗೆಯ ಸಂದೇಶ) ಎಂಬಲ್ಲಿಂದ ತೆಗೆದು, ಪ್ರತಿಯೊಬ್ಬರಿಗೂ ಬೇರೆ ಬೇರೆ ಎಸ್ಸೆಮ್ಮೆಸ್ ಹೋಗಲಿ ಎಂಬಲ್ಲಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಒಂದೇ ಸಲಕ್ಕೆ ಹಲವರನ್ನು ಸೇರಿಸಿ ಕಳಿಸಿದಾಗ ಅದು ಎಂಎಂಎಸ್ ಆಗಿ ಹೊರಟು, ದುಡ್ಡು ಬೇರೆ ಕಡಿತವಾಗಿ, ಕೀಪ್ಯಾಡ್ ಫೋನಿನವರಿಗೆ ತಲುಪದೇ ಹೋಗಬಹುದು.

ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಫೋನನ್ನು ಕಂಪ್ಯೂಟರಿಗೆ ಜೋಡಿಸಿದ ಮೇಲೆ ಆ ಫೋನಿಗೆ ಬರುವ ಎಲ್ಲ ಸಂದೇಶಗಳೂ ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತವೆ. ಬ್ಯಾಂಕಿನಿಂದ ಬರುವ ಒಟಿಪಿಯೂ ಅವುಗಳಲ್ಲಿ ಒಂದು. ಡೇರಿಯ ಕಂಪ್ಯೂಟರಿನ ಮುಂದೆ ಬೆಳಿಗ್ಗೆ ಹಾಲು ಅಳೆಯುವವರು, ಸಂಜೆ ಲೆಕ್ಕ ಬರೆಯುವವರು, ನಡುವೆ ಯಂತ್ರ ರಿಪೇರಿಗೆ ಬಂದವರು ಹೀಗೆ ಹಲವರು ಕೂರುತ್ತಾರೆ. ನಿಮ್ಮ ಸ್ವಂತ ಖಾತೆಗಾಗಲೀ ಸಂಘದ ಖಾತೆಗಾಗಲೀ ಜೋಡಣೆಯಾದ ಸಿಮ್ ಅನ್ನು ಆ ಕಂಪ್ಯೂಟರಿಗೆ ಎಂದೂ ಜೋಡಿಸಬೇಡಿ. ಸಂದೇಶಕ್ಕೆಂದೇ ಬೇರೊಂದು ಸಿಮ್ ಕೊಳ್ಳಿ. ಕೆಲಸ ಮುಗಿದೊಡನೆ ಫೋನಿನಲ್ಲಿ ಜೋಡಣೆಯನ್ನು ಕಡಿದುಹಾಕಿ.

ಡಾಂಗಲ್ ವಿಚಾರವನ್ನು ಬೇಗ ಮುಗಿಸುತ್ತೇನೆ. ಸಿಮ್ ಹಾಕಿದ ಯುಎಸ್‌ಬಿ ಮೋಡೆಮಿಗೆ ಕಂಪ್ಯೂಟರಿನಿಂದ ಆದೇಶಗಳನ್ನು ಕೊಟ್ಟು ಸಂದೇಶ ಕಳಿಸುವ ಪದ್ಧತಿ ಹಳೆಯದು, ಅದಕ್ಕೆ ಗಾಮು ಎಂಬ ಉಚಿತ ತಂತ್ರಾಂಶವೂ ಇದೆ. ಆದರೆ ಹಳೆಯ ಡಾಂಗಲ್‌ಗಳು 2ಜಿ, 3ಜಿ ಕಾಲದವು. ಜಿಯೋದಲ್ಲಿ ಆ ಎರಡೂ ಇಲ್ಲವಾದ್ದರಿಂದ ಅದರ ಸಿಮ್ ಅಲ್ಲಿ ಹಿಡಿಯುವುದೇ ಇಲ್ಲ. ಬೇರೆ ಸಿಮ್ ಹಿಡಿದರೂ ದಿನದ ಮಿತಿ ಅಷ್ಟೇ ಇರುತ್ತದೆ. ಇದರ ಜೊತೆಗೆ, ಹತ್ತಂಕಿಯ ಸಂಖ್ಯೆಯಿಂದ ಒಂದೇ ಒಕ್ಕಣೆಯ ಸಂದೇಶ ಸಾಲುಸಾಲಾಗಿ ಹೊರಟರೆ ಮೊಬೈಲ್ ಕಂಪನಿಗಳ ತಪಾಸಣಾ ವ್ಯವಸ್ಥೆ ಅದನ್ನು ಅನುಮಾನದಿಂದ ನೋಡುತ್ತದೆ. ಅಂಥ ಸಂಖ್ಯೆಯ ಮೇಲೆ ಹತ್ತು ದಿನಗಳ ಒಳಗೆ ಐದು ದೂರುಗಳು ಬಂದರೆ ಕ್ರಮ ಕೈಗೊಳ್ಳಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2025ರ ಫೆಬ್ರವರಿಯ ತಿದ್ದುಪಡಿಯಲ್ಲಿ ವಿಧಿಸಿದೆ. ಮೊದಲ ಸಲ ಹದಿನೈದು ದಿನ ಹೊರಹೋಗುವ ಸೇವೆ ನಿಲ್ಲುತ್ತದೆ. ಮರುಕಳಿಸಿದರೆ ಸಂಪರ್ಕವೇ ಒಂದು ವರ್ಷ ಕಡಿತವಾಗುತ್ತದೆ. ನಿಮ್ಮ ಸದಸ್ಯರು ನಿಮ್ಮ ಮೇಲೆ ದೂರು ಕೊಡಲಾರರು ಎಂದೇ ಇಟ್ಟುಕೊಳ್ಳೋಣ. ಆದರೂ ಸಂಘದ ವ್ಯವಹಾರವನ್ನು ಇಂಥ ಅನಿಶ್ಚಿತ ನೆಲದ ಮೇಲೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಉಚಿತ ತಾಣಗಳ ಕಾಲ ಒಂದಿತ್ತು. ವೇ2ಎಸ್‌ಎಂಎಸ್, 160ಬೈ2 ಮುಂತಾದವುಗಳಿಂದ ಕೋಲಾರದ ಸೈಬರ್ ಕೆಫೆಗಳಲ್ಲಿ ಕುಳಿತು ಹುಡುಗರು ಕಾಸಿಲ್ಲದೆ ಸಂದೇಶ ಕಳಿಸುತ್ತಿದ್ದರು. ಜಾಹೀರಾತಿನ ಸಾಲನ್ನು ಕೆಳಗೆ ಸೇರಿಸಿ ಆ ತಾಣಗಳು ಖರ್ಚನ್ನು ಸರಿದೂಗಿಸಿಕೊಳ್ಳುತ್ತಿದ್ದವು. ಇಂದಿನ ನಿಯಮಗಳಲ್ಲಿ ಹೆಸರು, ಒಕ್ಕಣೆ ಎರಡೂ ನೋಂದಣಿಯಾಗದ ಸಂದೇಶವನ್ನು ಹೆಡರ್‌ನಿಂದ ಕಳಿಸುವಂತೆಯೇ ಇಲ್ಲ. ಹಾಗಿದ್ದೂ ಇಂದು ಯಾವುದಾದರೂ ತಾಣ ಉಚಿತವೆಂದು ಹೇಳಿ 340 ಜನರ ಹೆಸರು, ಸಂಖ್ಯೆಗಳ ಪಟ್ಟಿಯನ್ನು ಹಾಕಿ ಎಂದರೆ, ಅದಕ್ಕೆ ಬೇಕಾಗಿರುವುದು ಆ ಪಟ್ಟಿಯೇ ಎಂದು ತಿಳಿಯಿರಿ. ಆ ಸಂಖ್ಯೆಗಳನ್ನು ಸದಸ್ಯರು ಕೊಟ್ಟಿರುವುದು ಸಂಘದ ಕೆಲಸಕ್ಕೆ. ಅದು ಬೇರೆಯವರ ಕೈಗೆ ಹೋದರೆ ಸಾಲ ಕೊಡುತ್ತೇವೆನ್ನುವವರ, ಲಾಟರಿ ಬಂದಿದೆ ಎನ್ನುವವರ ಕರೆಗಳು ಮೊದಲು ಮುಟ್ಟುವುದು ನಿಮ್ಮ ಊರಿನ ಹಿರಿಯರಿಗೆ.

ಇನ್ನು ನಾನು ನಿಮಗೆ ಸಲಹೆ ಮಾಡುವ ದಾರಿ. ಟ್ರಾಯ್ 2018ರ ಜುಲೈಯಲ್ಲಿ ಹೊರಡಿಸಿದ ವಾಣಿಜ್ಯ ಸಂವಹನ ನಿಯಮಾವಳಿಯ ಪ್ರಕಾರ, ಸಂಸ್ಥೆಯೊಂದು ತನ್ನ ಹೆಸರಿನಲ್ಲಿ ಸಂದೇಶ ಕಳಿಸಬೇಕಾದರೆ ಡಿಎಲ್‌ಟಿ ಎಂಬ, ಕಳಿಸುವವರ ಹೆಸರು ಮತ್ತು ಒಕ್ಕಣೆಗಳನ್ನು ದಾಖಲಿಸಿಡುವ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ, ಬಿಎಸ್‌ಎನ್‌ಎಲ್ ಪ್ರತಿಯೊಂದಕ್ಕೂ ಇದರ ಪೋರ್ಟಲ್ ಇದೆ. ಯಾವುದಾದರೂ ಒಂದರಲ್ಲಿ ನೋಂದಾಯಿಸಿದರೆ ಸಿಗುವ ಗುರುತಿನ ಸಂಖ್ಯೆ ಎಲ್ಲ ಜಾಲಗಳಿಗೂ ನಡೆಯುತ್ತದೆ. ನಿಮ್ಮ ಸದಸ್ಯರಲ್ಲಿ ಕೆಲವರ ಸಿಮ್ ಗಡಿಯಾಚೆ ಆಂಧ್ರದಲ್ಲೋ ತಮಿಳುನಾಡಿನಲ್ಲೋ ತೆಗೆದುಕೊಂಡದ್ದಾಗಿರಬಹುದು, ಅದರಿಂದ ತೊಂದರೆಯಿಲ್ಲ. ನೋಂದಣಿಗೆ ಸಂಘದ ಪ್ಯಾನ್, ಸಂಘದ ನೋಂದಣಿ ಪ್ರಮಾಣಪತ್ರ, ವಿಳಾಸದ ದಾಖಲೆ ಮತ್ತು ಸಹಿ ಮಾಡಲು ನಿಮಗೆ ಅಧಿಕಾರ ಕೊಟ್ಟ ಪತ್ರ ಬೇಕು. ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ಣಯ ಮಾಡಿಸಿ ನಡಾವಳಿಯ ಪ್ರತಿಯನ್ನು ಇಟ್ಟುಕೊಂಡರೆ ಮುಂದೆ ಆಡಿಟ್‌ಗೂ ಅನುಕೂಲ. ನೋಂದಣಿಗೆ ಶುಲ್ಕವಿದೆ. ಪೋರ್ಟಲ್‌ನಿಂದ ಪೋರ್ಟಲ್‌ಗೆ ಅದು ಬೇರೆಯಾಗಿರುವುದರಿಂದ ವಿಚಾರಿಸಿ ನೋಡಿ ಮುಂದುವರಿಯಿರಿ.

ಆಮೇಲೆ ಹೆಡರ್. ಸದಸ್ಯರ ಫೋನಿನಲ್ಲಿ ಸಂಖ್ಯೆಯ ಬದಲು ಕಾಣುವ ಆರು ಇಂಗ್ಲಿಷ್ ಅಕ್ಷರಗಳ ಹೆಸರು ಇದು. ಊರಿನ ಹೆಸರು ಮತ್ತು ಸಂಘದ ಗುರುತು ಎರಡೂ ಹೊಳೆಯುವಂತೆ ಅದನ್ನು ಆಯ್ದುಕೊಳ್ಳಿ. ಅದರ ಮೊದಲಿಗೆ ಎರಡು ಅಕ್ಷರಗಳು ತಾವಾಗಿ ಸೇರುತ್ತವೆ. ಮೊದಲನೆಯದು ಮೊಬೈಲ್ ಕಂಪನಿಯ ಗುರುತು, ಎರಡನೆಯದು ವಲಯದ ಗುರುತು. ಕರ್ನಾಟಕ ವಲಯದ ಗುರುತು ಎಕ್ಸ್. ತುದಿಯಲ್ಲಿ ಈಗ ಒಂದು ಅಡ್ಡಗೆರೆ ಮತ್ತು ಒಂದಕ್ಷರವೂ ಬರುತ್ತದೆ: ಪ್ರಚಾರದ ಸಂದೇಶಕ್ಕೆ ಪಿ, ಸೇವೆಯದಕ್ಕೆ ಎಸ್, ವಹಿವಾಟಿನದಕ್ಕೆ ಟಿ, ಸರ್ಕಾರದ್ದಕ್ಕೆ ಜಿ. ಒಂದು ಸಭೆಯಲ್ಲಿ ಇಷ್ಟನ್ನು ಸದಸ್ಯರಿಗೆ ತಿಳಿಸಿ, ಈ ಹೆಸರಿನಿಂದ ಬಂದದ್ದು ಮಾತ್ರ ಸಂಘದ ಸಂದೇಶವೆಂದು ಹೇಳಿಡಿ. ಯಾವ ಹೆಡರ್ ಯಾರದೆಂದು ಟ್ರಾಯ್‌ನ ತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಮೂರನೆಯದು ಒಕ್ಕಣೆಯ ನಮೂನೆ, ಅವರ ಮಾತಿನಲ್ಲಿ ಟೆಂಪ್ಲೇಟ್. ಕಳಿಸಲಿರುವ ವಾಕ್ಯವನ್ನು ಮುಂಚಿತವಾಗಿ ಪೋರ್ಟಲ್‌ನಲ್ಲಿ ಹಾಕಿ, ದಿನಾಂಕ, ಮೊತ್ತ, ಹೆಸರು ಹೀಗೆ ಸಲಸಲಕ್ಕೂ ಬದಲಾಗುವ ಭಾಗಗಳಿಗೆ ಗುರುತು ಹಾಕಿ ಒಪ್ಪಿಗೆ ಪಡೆಯಬೇಕು. ಕಳಿಸುವ ಹೊತ್ತಿನಲ್ಲಿ ಒಪ್ಪಿತ ನಮೂನೆಗೂ ನಿಮ್ಮ ಸಂದೇಶಕ್ಕೂ ಒಂದು ಚುಕ್ಕಿ, ಒಂದು ಖಾಲಿ ಜಾಗ ವ್ಯತ್ಯಾಸವಾದರೂ ಅದು ದಾರಿಯಲ್ಲೇ ತಡೆಯಲ್ಪಡುತ್ತದೆ. 2021ರ ಮಾರ್ಚಿಯಲ್ಲಿ ಈ ಹೋಲಿಕೆಯ ತಪಾಸಣೆಯನ್ನು ಮೊದಲು ಬಿಗಿಗೊಳಿಸಿದಾಗ ದೇಶದಾದ್ಯಂತ ಬ್ಯಾಂಕುಗಳ ಒಟಿಪಿಗಳೇ ನಿಂತುಹೋಗಿ, ಟ್ರಾಯ್ ಅದನ್ನು ಕೆಲವು ದಿನ ಸ್ಥಗಿತಗೊಳಿಸಬೇಕಾಯಿತು. ಆದ್ದರಿಂದ ನಮೂನೆಯನ್ನು ಬರೆಯುವಾಗ ಅವಸರ ಮಾಡಬೇಡಿ. ಬಟವಾಡೆಗೆ ಒಂದು, ಲಸಿಕೆಗೆ ಒಂದು, ಸಭೆಗೆ ಒಂದು, ಪಶು ಆಹಾರಕ್ಕೆ ಒಂದು ಎಂದು ನಾಲ್ಕು ನಮೂನೆ ನಿಮಗೆ ಸದ್ಯಕ್ಕೆ ಸಾಕು. ಇವುಗಳಲ್ಲಿ ಯಾವುದರಲ್ಲೂ ಜಾಲತಾಣದ ಕೊಂಡಿ ಹಾಕಬೇಡಿ. ಮೊದಲೇ ಅನುಮತಿ ಪಡೆಯದ ಕೊಂಡಿ ಇರುವ ಸಂದೇಶಗಳನ್ನು 2024ರ ಅಕ್ಟೋಬರಿನಿಂದ ತಡೆಯಲಾಗುತ್ತಿದೆ ಎಂಬುದು ಒಂದು ಕಾರಣ. ಸಂಘದ ಸಂದೇಶದಲ್ಲಿ ಕೊಂಡಿ ಇರುವುದೇ ಇಲ್ಲ ಎಂದು ಸದಸ್ಯರಿಗೆ ಖಚಿತವಾದರೆ, ಸಂಘದ ಹೆಸರು ಹೇಳಿಕೊಂಡು ಕೊಂಡಿ ಒತ್ತಿಸುವ ಮೋಸಗಾರರು ಸುಲಭವಾಗಿ ಸಿಕ್ಕಿಬೀಳುತ್ತಾರೆ ಎಂಬುದು ನನಗೆ ಹೆಚ್ಚು ಮುಖ್ಯವೆನಿಸುವ ಕಾರಣ.

ಸದಸ್ಯರಿಗೆ ಅವರದೇ ಹಾಲಿನ ಹಣದ ವಿಚಾರ ತಿಳಿಸುವುದು ಸೇವೆಯ ಸಂದೇಶ. ಪ್ರಚಾರದ ಕರೆ ಬೇಡವೆಂದು 1909 ಎಂಬ ದೂರವಾಣಿ ಸಂಖ್ಯೆಯಲ್ಲಿ ನೋಂದಾಯಿಸಿಕೊಂಡವರಿಗೂ ಅದು ತಲುಪುತ್ತದೆ. ಪಶು ಆಹಾರ ಬಂದಿದೆ ಎನ್ನುವುದೂ ಸುದ್ದಿಯಾಗಿಯೇ ಇರಲಿ. ಇಷ್ಟು ರಿಯಾಯಿತಿ, ಬೇಗ ಬನ್ನಿ ಎಂದು ಸೇರಿಸಿದಿರೋ ಅದು ಪ್ರಚಾರದ ಲೆಕ್ಕಕ್ಕೆ ಬಿದ್ದು ನಮೂನೆ ತಿರಸ್ಕೃತವಾಗುತ್ತದೆ.

ಇಷ್ಟಾದ ಮೇಲೆ ಕಂಪ್ಯೂಟರಿನಿಂದ ಕಳಿಸಲು ಬಲ್ಕ್ ಎಸ್ಸೆಮ್ಮೆಸ್, ಅಂದರೆ ಒಮ್ಮೆಗೇ ನೂರಾರು ಜನರಿಗೆ ಸಂದೇಶ ಕಳಿಸುವ ಸೇವೆ ಕೊಡುವ ಒಂದು ಸಂಸ್ಥೆಯ ಖಾತೆ ಬೇಕು. ಅದು ಡಿಎಲ್‌ಟಿಯಲ್ಲಿ ಟೆಲಿಮಾರ್ಕೆಟರ್ ಎಂದು ನೋಂದಣಿಯಾಗಿರಬೇಕು, ನಿಮ್ಮ ಪೋರ್ಟಲ್‌ನಲ್ಲಿ ನೀವು ಅದರ ಹೆಸರನ್ನು ಸೂಚಿಸಿರಬೇಕು. ಸಂದೇಶ ಯಾರಿಂದ ಯಾರ ಕೈ ದಾಟಿ ಹೋಯಿತೆಂಬ ಸರಪಳಿ ಪೂರ್ತಿಯಾಗಿರಬೇಕೆಂಬ ನಿಯಮ 2024ರ ಡಿಸೆಂಬರಿನಿಂದ ಜಾರಿಯಲ್ಲಿದೆ. ನಿಮ್ಮ ಡೇರಿಯ ಹಾಲು ಶೇಖರಣಾ ಯಂತ್ರದ ತಂತ್ರಾಂಶದಲ್ಲೇ ಎಸ್ಸೆಮ್ಮೆಸ್ ಸೌಲಭ್ಯವಿದೆಯೇ ಎಂದು ಅದರ ಸರಬರಾಜುದಾರರನ್ನು ಕೇಳಿ. ಇದ್ದರೆ ನಿಮ್ಮ ಹೆಡರ್ ಮತ್ತು ನಮೂನೆಯನ್ನೇ ಅದರಲ್ಲಿ ಬಳಸಿಕೊಡಲು ಒತ್ತಾಯಿಸಿ. ಬೇರೆಯವರ ಹೆಡರ್‌ನಲ್ಲಿ ನಿಮ್ಮ ಸಂಘದ ಸಂದೇಶ ಹೋಗುವುದು ಸರಿಯಲ್ಲ.

ಪ್ರತಿ ಸಲ ಹಾಲು ಹಾಕಿದಾಗಲೂ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರದ ಸಂದೇಶ ಹೋಗಲಿ ಎಂದು ಯಾರಾದರೂ ಸೂಚಿಸಿದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ಹೊತ್ತಿನಂತೆ 340 ಜನರಿಗೆ ತಿಂಗಳಿಗೆ 20,400 ಸಂದೇಶಗಳಾಗುತ್ತವೆ. ಒಂದಕ್ಕೆ 20 ಪೈಸೆ ಎಂದು ಇಟ್ಟುಕೊಂಡರೂ ತೆರಿಗೆ ಬಿಟ್ಟು 4,080 ರೂಪಾಯಿ. ಅದೇ ವಿವರದ ಚೀಟಿ ಯಂತ್ರದಿಂದ ಆಗಲೇ ಕೈಗೆ ಸಿಗುತ್ತಿರುವಾಗ ಈ ಖರ್ಚು ಅನವಶ್ಯಕ. ಬಟವಾಡೆಗೊಮ್ಮೆ ಒಟ್ಟು ಲೀಟರ್ ಮತ್ತು ಖಾತೆಗೆ ಜಮೆಯಾದ ಮೊತ್ತವನ್ನು ತಿಳಿಸಿದರೆ ಸದಸ್ಯರಿಗೆ ಅದರಿಂದ ಸಿಗುವ ನೆಮ್ಮದಿ ದೊಡ್ಡದು.

ಈಗ ಕನ್ನಡದ ಪ್ರಶ್ನೆಗೆ ಬರುತ್ತೇನೆ. ಕನ್ನಡಕ್ಕೆ ದುಡ್ಡು ಹೆಚ್ಚು ಎಂಬ ಮಾತು ಅರ್ಧ ನಿಜ. ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಯುವುದು 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ ಅದರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಟ್ಟಿರುವ ಪದ್ಧತಿಯಲ್ಲಿ ಹೋಗುತ್ತದೆ, ಒಂದೊಂದಕ್ಕೂ ಹದಿನಾರು ಬಿಟ್ ಬೇಕು, ಆದ್ದರಿಂದ 70 ಮಾತ್ರ ಹಿಡಿಯುತ್ತದೆ. ಎಪ್ಪತ್ತು ದಾಟಿದರೆ ಸಂದೇಶ ಭಾಗವಾಗುತ್ತದೆ, ಭಾಗಗಳನ್ನು ಮತ್ತೆ ಜೋಡಿಸುವ ಮಾಹಿತಿಗೆ ಆರು ಬೈಟ್ ಹೋಗುವುದರಿಂದ ಪ್ರತಿ ಭಾಗಕ್ಕೆ 67 ಉಳಿಯುತ್ತದೆ. ಹಣ ಎಣಿಸುವುದು ಭಾಗದ ಲೆಕ್ಕದಲ್ಲಿ. ಎಪ್ಪತ್ತರ ಒಳಗೆ ಬರೆದರೆ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ದರ.

ಈ ಎಪ್ಪತ್ತನ್ನು ನಾವು ಓದುವ ಅಕ್ಷರವೆಂದು ತಿಳಿಯಬಾರದು. ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಒಂದು, ಅದರ ಮೇಲಿನ ಗುಣಿತದ ಚಿಹ್ನೆಗೆ ಒಂದು, ಒತ್ತಕ್ಷರ ಮಾಡುವ ವಿರಾಮಕ್ಕೆ ಒಂದು ಸ್ಥಾನ. ಕ್ಷೇತ್ರ ಎಂಬ ಪದ ನಮ್ಮ ಕಣ್ಣಿಗೆ ಎರಡಕ್ಷರ. ಸಂದೇಶದ ಲೆಕ್ಕದಲ್ಲಿ ಅದು ಏಳು. ಒಂದು ಉದಾಹರಣೆಯನ್ನು ಎಣಿಸಿಯೇ ತೋರಿಸುತ್ತೇನೆ. "ಕಾಲುಬಾಯಿ ಜ್ವರದ ಲಸಿಕೆ ಸೋಮವಾರ ಬೆಳಿಗ್ಗೆ 7ಕ್ಕೆ ಡೇರಿ ಬಳಿ. ಹಸುಗಳನ್ನು ಕರೆತನ್ನಿ." ಖಾಲಿ ಜಾಗ, ಚುಕ್ಕಿಗಳನ್ನೂ ಸೇರಿಸಿದರೆ ಇದು 72 ಆಗುತ್ತದೆ. ಎರಡು ಹೆಚ್ಚಾದ ಕಾರಣಕ್ಕೆ ಎರಡು ಸಂದೇಶದ ದರ ಬೀಳುತ್ತದೆ. "ಹಸುಗಳನ್ನು" ಎಂಬುದನ್ನು "ಹಸು" ಎಂದು ಮಾಡಿ. "ಹಸು ಕರೆತನ್ನಿ" ಎನ್ನುವುದು ನಮ್ಮ ಆಡುಮಾತಿಗೂ ಹತ್ತಿರ. ಆರು ಸ್ಥಾನ ಉಳಿದು 66ಕ್ಕೆ ಇಳಿಯುತ್ತದೆ, ಒಂದೇ ಸಂದೇಶದಲ್ಲಿ ಮುಗಿಯುತ್ತದೆ. 340 ಸಂದೇಶ ಉಳಿಯಿತು. ಸಂಘದ ಹೆಸರು ಹೆಡರ್‌ನಲ್ಲೇ ಇರುವುದರಿಂದ ಸಂದೇಶದ ಒಳಗೆ ಅದನ್ನು ಬರೆಯಬೇಕಿಲ್ಲ. ಆದರಣೀಯ ಸದಸ್ಯರೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ ಮುಂತಾದವೂ ಬೇಡ. ನಮೂನೆಗೆ ಒಪ್ಪಿಗೆ ಕೊಡುವವರು ಸಂಘದ ಹೆಸರು ಒಳಗೂ ಇರಲೇಬೇಕೆಂದರೆ ಊರಿನ ಹೆಸರಿಗೆ ಡೇರಿ ಎಂದು ಸೇರಿಸಿದಷ್ಟೇ ಚಿಕ್ಕದಾಗಿ ಕೊನೆಯಲ್ಲಿ ಹಾಕಿ.

ಕಣ್ಣಿಗೆ ಕಾಣದ ಸ್ಥಾನವೂ ಒಂದಿದೆ. ಪಾಸ್‌ಬುಕ್ ಎಂದು ಬರೆಯುವಾಗ ಸಕಾರಕ್ಕೆ ಬಕಾರ ಒತ್ತಾಗಬಾರದೆಂದು ನಡುವೆ ಒಂದು ಅದೃಶ್ಯ ಚಿಹ್ನೆಯನ್ನು ಕೀಲಿಮಣೆಯಿಂದ ಹಾಕುತ್ತೇವೆ. ಅದೂ ಒಂದು ಸ್ಥಾನವನ್ನು ತಿನ್ನುತ್ತದೆ. ನಮೂನೆಯಲ್ಲಿ ಅದು ಇದ್ದು ಕಳಿಸುವಾಗ ಇಲ್ಲದಿದ್ದರೆ, ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಂಡರೂ ಹೋಲಿಕೆ ತಪ್ಪಿ ಸಂದೇಶ ತಿರಸ್ಕೃತವಾಗುತ್ತದೆ. ಹೀಗಾಗಿ ಒಪ್ಪಿಗೆಯಾದ ನಮೂನೆಯನ್ನು ಪೋರ್ಟಲ್‌ನಿಂದಲೇ ನಕಲು ಮಾಡಿಕೊಂಡು ಬಳಸಿ, ಮತ್ತೆ ಬೆರಳಚ್ಚಿಸಬೇಡಿ. ಇಂಗ್ಲಿಷ್ ಸಂದೇಶವಾದರೂ ಅದರಲ್ಲಿ ₹ ಚಿಹ್ನೆಯಾಗಲೀ, ವರ್ಡ್ ತಂತ್ರಾಂಶ ತಾನಾಗಿ ಹಾಕುವ ಬಾಗಿದ ಉದ್ಧರಣ ಚಿಹ್ನೆಯಾಗಲೀ ಒಂದೇ ಒಂದು ಸೇರಿದರೆ ಇಡೀ ಸಂದೇಶ ಎಪ್ಪತ್ತರ ಲೆಕ್ಕಕ್ಕೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಡೇರಿಯ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚಿಸುವ ನುಡಿ ಅಥವಾ ಬರಹ ತಂತ್ರಾಂಶ ಇರುವುದು ಬಹುಮಟ್ಟಿಗೆ ಖಚಿತ. ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚಿಸಿದ ಕನ್ನಡ, ಕಂಪ್ಯೂಟರಿನ ಒಳಗೆ ಲ್ಯಾಟಿನ್ ಅಕ್ಷರಗಳಾಗಿಯೇ ಇರುತ್ತದೆ; ಆ ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ, ಅಷ್ಟೇ. ಅದನ್ನು ಸಂದೇಶದ ಪೆಟ್ಟಿಗೆಗೆ ನಕಲು ಮಾಡಿದರೆ ಡಿಗ್ರಿ ಚಿಹ್ನೆ, ಕೊಂಬಿರುವ ಎ ಅಕ್ಷರ ಮುಂತಾದ ಅರ್ಥವಿಲ್ಲದ ಗೋಜಲು ಹೋಗುತ್ತದೆ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆಯಿದೆ, ಅದನ್ನು ಹಾಕಿಕೊಂಡು ಬೆರಳಚ್ಚಿಸಿ. ನಿಮ್ಮ ಕೈಗೆ ರೂಢಿಯಾದ ಕೀಲಿಮಣೆಯ ವಿನ್ಯಾಸ ಅಲ್ಲಿಯೂ ಹಾಗೆಯೇ ಇರುತ್ತದೆ. ಹಳೆಯ ಕಡತಗಳಿಗೆ ಪರಿವರ್ತಕಗಳು ಸಿಗುತ್ತವೆ.

ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದರೆ ಇನ್ನೆರಡು ತೊಡಕುಗಳಿವೆ. ಮೊದಲಿಗೆ 91 ಸೇರಿಸಿ ಹನ್ನೆರಡಂಕಿಯ ಸಂಖ್ಯೆ ಹಾಕಿದಾಗ ಎಕ್ಸೆಲ್ ಅದನ್ನು ದೊಡ್ಡ ಮೊತ್ತವೆಂದು ಭಾವಿಸಿ, 9.19ರ ಮುಂದೆ ಇ ಅಕ್ಷರ ಮತ್ತು 11 ಎಂದು ಚುಟುಕಾಗಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕಡತಕ್ಕೆ ಹೋಗುವುದು ಆ ಚುಟುಕು ರೂಪವೇ, ಸಂಖ್ಯೆಗಳೆಲ್ಲ ಕಳೆದುಹೋಗುತ್ತವೆ. ಸಂಖ್ಯೆ ಹಾಕುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಬದಲಿಸಿಕೊಳ್ಳಿ. ಕಡತವನ್ನು ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಿ, ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಕೀಪ್ಯಾಡ್ ಫೋನಿನಲ್ಲಿ ಕನ್ನಡ ಕಾಣುತ್ತದೆಯೇ ಎಂಬ ಆತಂಕ ನಿಮಗಿರಬಹುದು. ಭಾರತದಲ್ಲಿ ಮಾರುವ ಫೋನುಗಳು ಎಲ್ಲ 22 ಭಾಷೆಗಳ ಸಂದೇಶವನ್ನೂ ಓದುವಂತೆ ತೋರಿಸಬೇಕೆಂದು ಐಎಸ್ 16333 ಎಂಬ ಮಾನದಂಡದ ಮೂರನೇ ಭಾಗ ಹೇಳುತ್ತದೆ. ಹೊಸ ಫೋನುಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಅದಕ್ಕೂ ಹಿಂದಿನ ಕೆಲವದರಲ್ಲಿ ಅಕ್ಷರದ ಬದಲು ಚೌಕಗಳು ಕಾಣುತ್ತವೆ. ಮೊದಲ ಸಂದೇಶವನ್ನು ಎಲ್ಲರಿಗೂ ಕಳಿಸದೆ, ಬೆಳಿಗ್ಗೆ ಹಾಲು ಹಾಕಲು ಬರುವವರಲ್ಲಿ ಬೇರೆ ಬೇರೆ ಮಾದರಿಯ ಫೋನಿರುವ ಏಳೆಂಟು ಜನರಿಗೆ ಕಳಿಸಿ, ಅವರ ಫೋನನ್ನೇ ಕೈಗೆ ತೆಗೆದುಕೊಂಡು ನೋಡಿ. ಇನ್‌ಬಾಕ್ಸ್ ತುಂಬಿದ ಸಣ್ಣ ಫೋನಿಗೆ ಹಳೆಯದನ್ನು ಅಳಿಸುವವರೆಗೆ ಹೊಸದು ಇಳಿಯುವುದಿಲ್ಲ. ತಲುಪಿಲ್ಲ ಎಂದು ವರದಿಯಲ್ಲಿ ಮತ್ತೆ ಮತ್ತೆ ಬರುವ ಸಂಖ್ಯೆಗಳಲ್ಲಿ ಕೆಲವಕ್ಕೆ ಇದೇ ಕಾರಣವಿರುತ್ತದೆ, ಡೇರಿಯಲ್ಲೇ ಅಳಿಸಿಕೊಡಬಹುದು. ಚೌಕಗಳು ಕಾಣುವ ಬೆರಳೆಣಿಕೆಯ ಫೋನುಗಳಿಗಾಗಿ ಎಲ್ಲರಿಗೂ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಕಳಿಸುವ ಯೋಚನೆಗೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಭಾಗದಲ್ಲಿ ಮನೆಯಲ್ಲಿ ತೆಲುಗು ಆಡುವವರೂ ಶಾಲೆಯಲ್ಲಿ ಕಲಿತದ್ದು ಕನ್ನಡ ಲಿಪಿಯನ್ನೇ. ಹಾಲು ಕರೆದು ತರುವ ಹೆಣ್ಣುಮಕ್ಕಳಲ್ಲಿ ಅನೇಕರು ಕನ್ನಡವನ್ನು ಸರಾಗವಾಗಿ ಓದುತ್ತಾರೆ, ಇಂಗ್ಲಿಷ್ ಅಕ್ಷರ ಕಂಡರೆ ಫೋನನ್ನು ಮಕ್ಕಳ ಕೈಗೆ ಕೊಡುತ್ತಾರೆ. ತಮ್ಮ ಹಣದ ಸುದ್ದಿಯನ್ನು ಅವರು ತಾವೇ ಓದಿಕೊಳ್ಳುವಂತಿರಬೇಕು.

ಓದಲು ಬಾರದ ಸದಸ್ಯರಿಗೆ ಸಂದೇಶ ಸಾಲದು. ಡೇರಿಯ ಮುಂದಿನ ಕರಿಹಲಗೆ, ಮೈಕಿನ ಕೂಗು ಎರಡನ್ನೂ ನಿಲ್ಲಿಸಬೇಡಿ. ಸರ್ವ ಸದಸ್ಯರ ಸಭೆಯ ನೋಟಿಸನ್ನಂತೂ ನಿಮ್ಮ ಉಪವಿಧಿಯಲ್ಲಿ ಹೇಳಿರುವ ಕ್ರಮದಲ್ಲೇ ಕೊಡಬೇಕು, ಎಸ್ಸೆಮ್ಮೆಸ್ ಅದರ ಜೊತೆಗಿನ ಜ್ಞಾಪನೆಯಾಗಿರಲಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ಸಂಗತಿ. ಡಿಎಲ್‌ಟಿ ಪೋರ್ಟಲ್ ಮತ್ತು ಬಲ್ಕ್ ಎಸ್ಸೆಮ್ಮೆಸ್ ಖಾತೆ ಎರಡಕ್ಕೂ ಒಂದು ಮೊಬೈಲ್ ಸಂಖ್ಯೆ, ಒಂದು ಇಮೇಲ್ ಕೊಡಬೇಕಾಗುತ್ತದೆ, ಲಾಗಿನ್ ಆಗುವಾಗಲೆಲ್ಲ ಒಟಿಪಿ ಅಲ್ಲಿಗೇ ಬರುತ್ತದೆ. ಅನುಕೂಲಕ್ಕೆಂದು ನಿಮ್ಮ ಸ್ವಂತದ್ದನ್ನೋ ನೋಂದಣಿ ಮಾಡಿಕೊಟ್ಟ ಏಜೆಂಟರದನ್ನೋ ಕೊಡಬೇಡಿ. ಸಂಘದ ಹೆಸರಿನಲ್ಲಿ ಒಂದು ಇಮೇಲ್ ತೆರೆದು, ಸಂಘದ ಹೆಸರಿನಲ್ಲೇ ಸಿಮ್ ತೆಗೆದು ಅವುಗಳನ್ನು ಕೊಡಿ. ಸಿಮ್, ಪಾಸ್‌ವರ್ಡ್, ಒಪ್ಪಿತ ನಮೂನೆಗಳ ಮುದ್ರಿತ ಪ್ರತಿಗಳನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಿಡಿ. ಕಾರ್ಯದರ್ಶಿ ಬದಲಾದಾಗ ನಗದು, ರಸೀದಿ ಪುಸ್ತಕಗಳ ಜೊತೆಗೆ ಇವನ್ನೂ ಪಟ್ಟಿ ಮಾಡಿ ಹಸ್ತಾಂತರಿಸುವಂತೆ ಈಗಿನ ನಿರ್ಣಯದಲ್ಲಿಯೇ ಬರೆಸಿಬಿಡಿ.